ನೊಗದ ಇನ್ನೊಂದು ಎತ್ತು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಕೇಳಿ ನಗದವರು ವಿರಳ. ಒಬ್ಬರ ಬೇನೆಗೆ ಇನ್ನೊಬ್ಬರು ದಂಡ ತೆರುವುದು ಅನ್ಯಾಯವೆಂದೂ, ಅಂಥ ಅನ್ಯಾಯವನ್ನು ಮಾಡುವವನು ಅವಿವೇಕಿಯೆಂದೂ ಆ ನಗೆಯ ಅಭಿಪ್ರಾಯ. ಆದರೆ ಮನುಷ್ಯನ ಶರೀರದೊಳಗೆ ಈ ಅವಿವೇಕವು ನಿತ್ಯವೂ ನಡೆಯುತ್ತಿರುತ್ತದೆ. ಬಲಗಾಲಿಗೆ ಪೆಟ್ಟು ಬಿದ್ದರೆ ಎಡಗಾಲು ದಂಡ ತೆರುತ್ತದೆ; ಎರಡು ಕಾಲುಗಳ ಹೆಜ್ಜೆಯೂ ತಪ್ಪಿದರೆ ಸೊಂಟವು ತೆರುತ್ತದೆ. ಬೇಸಾಯದ ಮನೆಗಳಲ್ಲಿ ಹುಟ್ಟಿದವರಿಗೆ ಇದು ಹೊಸ ಸಂಗತಿಯಲ್ಲ. ನೊಗಕ್ಕೆ ಹೂಡಿದ ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಭಾರವು ಇನ್ನೊಂದರ ಕಡೆಗೆ ವಾಲುವುದು. ಕುಂಟಿದ ಎತ್ತಿನ ಗೊರಸಿಗೆ ಒಡೆಯನು ಮದ್ದು ಕಟ್ಟುತ್ತಾನೆ. ಇನ್ನೊಂದರ ಹೆಗಲು ಹುಣ್ಣಾದುದು ಅವನಿಗೆ ಬಹುದಿನಗಳ ಮೇಲೆ ಕಾಣುತ್ತದೆ. ಕಂಡಾಗ ಅವನು ಮೊದಲು ಆಡುವ ಮಾತು, “ಇದಕ್ಕೇನು ಬಂತು? ಇದು ಚೆನ್ನಾಗಿಯೇ ಇತ್ತಲ್ಲ!” ಎಂಬುದು.

ಈ ಪ್ರಶ್ನೆಯನ್ನೇ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸರ್ಕಾರದ ಕಚೇರಿಯೊಂದು ಅಲ್ಲಿಯ ಮಾಜಿ ಯೋಧರನ್ನು ಕೇಳುತ್ತದೆ. ಅದಕ್ಕೆ ತಕ್ಕ ಉತ್ತರವನ್ನು ಕಾಗದದ ಮೇಲೆ ಬರೆದು ಒಪ್ಪಿಸಲಾರದೆ ಸೋತವರು ಅನೇಕರು. ಸೋತ ಮೇಲೆ ಮತ್ತೆ ಎದ್ದು ಮೇಲ್ಮನವಿ ಮಾಡಿದವರೂ ಅನೇಕರು.

ಆ ದೇಶದ ಏರ್ಪಾಡು ಹೀಗಿದೆ. ಸೈನ್ಯದ ಸೇವೆಯಲ್ಲಿದ್ದಾಗ ದೇಹಕ್ಕೆ ಒದಗಿದ ಊನಕ್ಕೆ, ಯೋಧನು ಮನೆಗೆ ಮರಳಿದ ತರುವಾಯ ತಿಂಗಳು ತಿಂಗಳು ಪರಿಹಾರಧನವನ್ನು ಕೊಡತಕ್ಕದ್ದು ಮಾಜಿ ಯೋಧರ ಇಲಾಖೆಯ ಕರ್ತವ್ಯ. ಊನದ ಪ್ರಮಾಣವನ್ನು ನೂರಕ್ಕೆ ಹತ್ತು, ಇಪ್ಪತ್ತು, ಮೂವತ್ತು ಎಂದು ಮೆಟ್ಟಿಲು ಮೆಟ್ಟಿಲಾಗಿ ಗೊತ್ತುಮಾಡುತ್ತಾರೆ. ಸೇವೆಯಲ್ಲಿ ನೇರವಾಗಿ ಬಂದ ಊನಕ್ಕೆ ಮಾತ್ರವೇ ಈ ಹಕ್ಕು ಸಲ್ಲುವುದೆಂದೇನೂ ಇಲ್ಲ. ಆ ಊನದ ಫಲವಾಗಿ ಮುಂದೆ ಇನ್ನೊಂದು ಊನವು ಹುಟ್ಟಿದರೆ ಅದನ್ನೂ ಸೇವೆಯಲ್ಲಿಯೇ ಬಂದುದೆಂದು ಎಣಿಸಬೇಕೆಂಬುದು ಅಲ್ಲಿಯ ನಿಯಮ. ಇದಕ್ಕೆ ಆನುಷಂಗಿಕ ಊನವೆನ್ನಬಹುದು. ೧೯೯೫ರಲ್ಲಿ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡನೆಯ ಊನವು ಮೊದಲನೆಯದರಿಂದ ಹುಟ್ಟದೆ ಬೇರೆ ಕಾರಣದಿಂದ ಹುಟ್ಟಿದ್ದರೂ, ಮೊದಲನೆಯದು ಅದನ್ನು ಉಲ್ಬಣಗೊಳಿಸಿದ್ದರೆ, ಉಲ್ಬಣಿಸಿದಷ್ಟು ಪಾಲಿಗೆ ಪರಿಹಾರವು ಸಲ್ಲಬೇಕೆಂದು ತೀರ್ಪಿತ್ತಿತು. ೨೦೦೬ರಲ್ಲಿ ಇಲಾಖೆಯ ನಿಯಮದಲ್ಲಿಯೇ ಈ ಮಾತು ಸೇರಿತು. ಹುಟ್ಟಿಸುವುದು, ಹೆಚ್ಚಿಸುವುದು ಎಂಬ ಈ ಎರಡು ಮಾತುಗಳ ನಡುವಣ ಅಂತರವು ಓದುವುದಕ್ಕೆ ಅಲ್ಪವಾಗಿ ಕಂಡರೂ, ಒಬ್ಬ ಮನುಷ್ಯನ ಮುಪ್ಪಿನ ದಿನಗಳು ಆ ಅಂತರದ ಮೇಲೆ ನಿಂತಿರಬಹುದು.

ಇಲ್ಲಿ ಹೇಳತಕ್ಕ ಯೋಧನಿಗೆ ಹೆಸರಿನ ಅಗತ್ಯವಿಲ್ಲ. ಅವನಂಥವರು ಆ ದೇಶದ ಊರೂರಿನಲ್ಲಿಯೂ ಸಿಕ್ಕುತ್ತಾರೆ. ವಿಮಾನದಿಂದ ಪ್ಯಾರಾಚೂಟು ಕಟ್ಟಿಕೊಂಡು ಧುಮುಕುವ ಪಡೆಯಲ್ಲಿ ಅವನು ಎಂಟು ವರ್ಷ ದುಡಿದನು. ಒಂದು ರಾತ್ರಿಯ ಅಭ್ಯಾಸದಲ್ಲಿ ಗಾಳಿ ತಿರುಗಿ, ಅವನು ಕಲ್ಲುನೆಲದ ಮೇಲೆ ಬಲಗಾಲೂರಿ ಬಿದ್ದು, ಪಾದದ ಕೀಲು ಮುರಿಯಿತು. ಆರು ವಾರ ಬಿಳಿಯ ಕಟ್ಟಿನೊಳಗಿದ್ದ ಕಾಲು ಹೊರಬಂದಾಗ ಮೊದಲಿನಂತೆ ಮಡಿಯಲಿಲ್ಲ. ಆದರೂ ಅವನು ಮರಳಿ ಪಡೆಯನ್ನು ಸೇರಿದನು. ನಡೆಯುವಾಗ ನೋವಾಗುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಕಾಯಿಲೆಯೆಂದು ಮತ್ತೆ ಮತ್ತೆ ವೈದ್ಯನ ಬಾಗಿಲಿಗೆ ಹೋಗುವವನನ್ನು ಜೊತೆಯವರು ಕಾಣುವ ಕಣ್ಣೇ ಬೇರೆ. ಕುಂಟುವವನ ಹೊರೆ ಪಕ್ಕದವನ ಬೆನ್ನಿಗೆ ಹೋಗುತ್ತದೆಂಬುದು ಸೈನಿಕನಿಗೆ ಮೊದಲ ವಾರದಲ್ಲಿಯೇ ತಿಳಿಯುವ ಪಾಠ. ೧೯೯೨ರಲ್ಲಿ ಸೇವೆಯಿಂದ ಬಿಡುಗಡೆಯಾಗುವ ದಿನ ಕೊಟ್ಟ ಪ್ರಶ್ನಪತ್ರದಲ್ಲಿ, ಪಾದದ ಕೀಲಿನದೊಂದನ್ನು ಬಿಟ್ಟರೆ ಬೇರೆ ಯಾವ ಬಾಧೆಯೂ ಇಲ್ಲವೆಂದು ಗುರುತು ಹಾಕಿ, ಸಂಜೆಯ ಬಸ್ಸಿಗೆ ಊರಿಗೆ ಹೊರಟನು. ಪಾದದ ಕೀಲಿಗೆ ನೂರಕ್ಕೆ ೨೦ರ ಊನವೆಂದು ಇಲಾಖೆ ಒಪ್ಪಿಕೊಂಡಿತು.

ಊರಿಗೆ ಬಂದವನು ಅಂಚೆಯವನಾದನು. ಬೀದಿ ಬೀದಿ ಅಲೆದು ಕಾಗದ ಹಂಚುವ ಕೆಲಸ. ಬಲಪಾದವು ನೆಲಕ್ಕೆ ಸೋಕಿದೊಡನೆ ಅದನ್ನು ಬೇಗನೆ ಎತ್ತಿಬಿಡುವುದು ಅವನಿಗೆ ಅಭ್ಯಾಸವಾಗಿದ್ದಿತು. ಹಾಗೆ ಬೇಗನೆ ಎತ್ತಿದಾಗಲೆಲ್ಲ ಮೈಭಾರವು ಎಡಗಾಲಿನ ಮೇಲೆ ಬೀಳುತ್ತಿದ್ದಿತು. ಹತ್ತು ವರ್ಷಗಳಾಗುವಷ್ಟರಲ್ಲಿ ಎಡ ಮೊಣಕಾಲು ಊದತೊಡಗಿತು. ಮತ್ತೆ ಕೆಲವು ವರ್ಷಗಳಿಗೆ ಸೊಂಟ ಹಿಡಿಯಿತು. ಮೆಟ್ಟಿಲಿಳಿಯುವಾಗ ಕಟಕಟೆಯನ್ನು ಹಿಡಿಯದೆ ಇಳಿಯಲಾರನು. ಮೊಮ್ಮಗುವನ್ನು ನೆಲದಿಂದ ಎತ್ತಿಕೊಳ್ಳಲಾರನು. ನಿವೃತ್ತಿಯಾದ ಮೇಲೆ, ೨೦೨೧ರಲ್ಲಿ, ಹೆಂಡತಿಯ ಒತ್ತಾಯಕ್ಕೆ ಮೊಣಕಾಲಿಗೂ ಸೊಂಟಕ್ಕೂ ಪರಿಹಾರವನ್ನು ಬೇಡಿ ಅರ್ಜಿಯನ್ನು ಹಾಕಿದನು.

ಇಲಾಖೆ ಅವನನ್ನು ವೈದ್ಯಪರೀಕ್ಷೆಗೆ ಕರೆಯಿತು. ಕೀಲು ಎಷ್ಟು ಮಡಿಯುವುದೆಂಬುದನ್ನು ಕೋನವನ್ನಳೆಯುವ ಪಟ್ಟಿಯಿಂದ ಅಳೆದು ಅಂಶಗಳಲ್ಲಿ ಬರೆದುಕೊಳ್ಳುವುದು ಅಲ್ಲಿಯ ಕ್ರಮ. ಪರೀಕ್ಷಿಸಿದವನು ಅವನ ಮಗನ ವಯಸ್ಸಿನ ತರುಣ. “ಎಲ್ಲಿಯವರೆಗೆ ಮಡಿಸಬಲ್ಲಿರಿ?” ಎಂದು ಆತನು ಕೇಳಿದಾಗ, ಹಳೆಯ ಸೈನಿಕನು ಹಲ್ಲು ಕಚ್ಚಿ ಮೊಣಕಾಲನ್ನು ಪೂರ್ತಿ ಮಡಿಸಿ ತೋರಿಸಿದನು. ಅಪ್ಪಣೆಯಾದರೆ ಮಾಡುವುದು ಅವನ ಸ್ವಭಾವವಾಗಿಬಿಟ್ಟಿತ್ತು. ನೋವು ಮಿತಿಮೀರಿದ ದಿನಗಳಲ್ಲಿ ಏನಾಗುವುದೆಂದು ತರುಣನು ಕೇಳಲಿಲ್ಲ. ಕೇಳದುದನ್ನು ಇವನು ಹೇಳಲಿಲ್ಲ. ಹದಿನೈದು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು.

ಕೆಲವು ತಿಂಗಳುಗಳ ಮೇಲೆ ಬಂದ ಕಾಗದದಲ್ಲಿ ಅರ್ಜಿಯನ್ನು ತಳ್ಳಿಹಾಕಿದ್ದರು. ಕಾರಣಗಳು ಮೂರು. ಸೇವೆಯ ದಾಖಲೆಗಳಲ್ಲಿ ಮೊಣಕಾಲಿನ ಸೊಂಟದ ಮಾತೇ ಇಲ್ಲವೆಂಬುದು ಮೊದಲನೆಯದು. ಇವು ವಯಸ್ಸಿನಿಂದಲೂ ಅಂಚೆಯ ಕೆಲಸದಿಂದಲೂ ಬಂದಿರುವ ಸಂಭವವೇ ಹೆಚ್ಚೆಂಬುದು ಎರಡನೆಯದು. ಪಾದದ ಕೀಲಿನಿಂದ ಇವು ಹುಟ್ಟಿದುವಲ್ಲವೆಂಬುದು ಮೂರನೆಯದು. ಅವನು ಕಾಗದವನ್ನು ಮಡಿಸಿ ಮೇಜಿನ ಖಾನೆಯೊಳಗಿಟ್ಟನು. ಹಣ ಬಾರದುದಕ್ಕಾಗಿ ಅವನಿಗೆ ಅಷ್ಟು ವ್ಯಥೆಯಾಗಲಿಲ್ಲ. ಇಲ್ಲದುದನ್ನು ಕೇಳಲು ಹೋದವನೆನಿಸಿಕೊಂಡೆನಲ್ಲ ಎಂಬುದು ಅವನನ್ನು ಕೊರೆಯಿತು. ಒಳ್ಳೆಯ ಸೈನಿಕನೆನಿಸಿಕೊಳ್ಳಲು ಯಾವ ಮೌನವನ್ನು ಸಾಧಿಸಿದ್ದನೋ ಆ ಮೌನವೇ ಮೂವತ್ತು ವರ್ಷಗಳ ತರುವಾಯ ಅವನಿಗೆ ಪ್ರತಿಕೂಲವಾದ ಸಾಕ್ಷಿಯಾಗಿ ಬಂದು ನಿಂತಿತ್ತು.

ಒಂಬತ್ತು ತಿಂಗಳು ಆ ಕಾಗದವು ಖಾನೆಯಲ್ಲಿಯೇ ಇದ್ದಿತು. ಇನ್ನು ಮೂರು ತಿಂಗಳು ಕಳೆದಿದ್ದರೆ ಮೊದಲ ಅರ್ಜಿಯ ತಾರೀಖು ಕೈತಪ್ಪಿಹೋಗುತ್ತಿದ್ದಿತು. ಏಕೆಂದರೆ ತೀರ್ಮಾನದ ದಿನದಿಂದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆಯನ್ನಿಟ್ಟವನಿಗೆ, ಜಯ ದೊರೆತಾಗ, ಮೊದಲ ಅರ್ಜಿಯ ದಿನದಿಂದ ಲೆಕ್ಕ ಹಾಕಿ ಹಣ ಕೊಡುವುದುಂಟು. ಹೆಂಡತಿಯೇ ಕಾಗದವನ್ನು ತೆಗೆದುಕೊಂಡು, ಅವನನ್ನೂ ಕರೆದುಕೊಂಡು, ಊರಿನ ಮಾಜಿ ಯೋಧರ ಸಂಘಕ್ಕೆ ಹೋದಳು. ಇಂಥ ಸಂಘಗಳಲ್ಲಿ ಇಲಾಖೆಯ ಮನ್ನಣೆ ಪಡೆದ ಕಾರ್ಯಕರ್ತರು ಇರುತ್ತಾರೆ. ಅರ್ಜಿದಾರರಿಂದ ಕಾಸು ತೆಗೆದುಕೊಳ್ಳದೆ ಅವರ ಪರವಾಗಿ ಕಾಗದಪತ್ರಗಳನ್ನು ನಡೆಸುವುದು ಇವರ ಕೆಲಸ. ಆ ಸಂಘದಲ್ಲಿದ್ದವನು ತಾನೂ ಯುದ್ಧ ಕಂಡಿದ್ದ ಒಬ್ಬ ವೃದ್ಧ. ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಕಾಗದವನ್ನು ಎರಡು ಸಲ ಓದಿ, “ಮಿತ್ರನೆ, ನೀನು ಸೋತಿಲ್ಲ. ನೀನು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರವೇ ಬಂದಿಲ್ಲ” ಎಂದನು.

ವೃದ್ಧನು ಮೂರು ಕಾರಣಗಳನ್ನೂ ಒಂದೊಂದಾಗಿ ಬಿಡಿಸಿದನು. ಸೇವೆಯ ಕಾಲದಲ್ಲಿ ಮೊಣಕಾಲಿಗೆ ಏನೂ ಆಗಿರಲಿಲ್ಲವೆಂಬುದು ನಿಜವೇ ಸರಿ. ಅರ್ಜಿಯಲ್ಲಿ ಆಗಿತ್ತೆಂದು ಹೇಳಿಯೂ ಇರಲಿಲ್ಲ. ಪಾದವು ಮುರಿದುದು ಆಗ, ಮೊಣಕಾಲು ಸೋತುದು ಆಮೇಲೆ. ಆನುಷಂಗಿಕ ಊನಕ್ಕೆ ಬೇಕಾದುವು ಮೂರೇ: ಈಗಿರುವ ಊನ, ಸೇವೆಯಲ್ಲಿ ಬಂದುದೆಂದು ಆಗಲೇ ಒಪ್ಪಿರುವ ಊನ, ಇವೆರಡನ್ನೂ ಕೂಡಿಸುವ ವೈದ್ಯನ ಮಾತು. ಮೊದಲನೆಯ ಎರಡು ಇವನಲ್ಲಿದ್ದುವು, ಮೂರನೆಯದು ಇರಲಿಲ್ಲ. ಎರಡನೆಯ ಕಾರಣಕ್ಕೆ ಬಂದರೆ, ವಯಸ್ಸು ಮತ್ತು ಅಂಚೆಯ ಕೆಲಸ ಎಂದಿದ್ದರೇ ಹೊರತು, ಅದೇ ವಯಸ್ಸಿನ, ಅದೇ ದಾರಿಯನ್ನು ನಡೆದ ಬಲ ಮೊಣಕಾಲು ಏಕೆ ಚೆನ್ನಾಗಿದೆಯೆಂಬುದನ್ನು ಯಾರೂ ಹೇಳಿರಲಿಲ್ಲ. ವೈದ್ಯನ ಅಭಿಪ್ರಾಯದ ತೂಕವು ಅವನು ಕೊಟ್ಟ ಕಾರಣಗಳಲ್ಲಿದೆಯೆಂದು ೨೦೦೮ರಲ್ಲಿ ನ್ಯಾಯಾಲಯವು ಹೇಳಿದುದನ್ನು ವೃದ್ಧನು ಬಲ್ಲನು. ಇನ್ನು ಮೂರನೆಯದು: ಹುಟ್ಟಿದುವಲ್ಲವೆಂದು ಬರೆದವರು ಹೆಚ್ಚಿದುವೋ ಇಲ್ಲವೋ ಎಂಬುದನ್ನು ಬರೆದಿರಲಿಲ್ಲ. ಹುಟ್ಟಿನ ವಿಷಯವನ್ನು ಮಾತ್ರ ಹೇಳಿ ಉಲ್ಬಣದ ವಿಷಯವನ್ನು ಬಿಟ್ಟ ಅಭಿಪ್ರಾಯವು ಸಾಲದೆಂದು ೨೦೧೩ರ ತೀರ್ಪೊಂದಿದೆ. ಪ್ರಶ್ನೆ ಎರಡು, ಉತ್ತರ ಒಂದು. ಆ ಉಳಿದ ಅರ್ಧದಲ್ಲಿಯೇ ಮೇಲ್ಮನವಿಯ ದಾರಿ ಇದ್ದಿತು.

ದಾರಿಗಳೂ ಮೂರುಂಟು. ೨೦೧೭ರ ಶಾಸನವೊಂದು ಹಳೆಯ ಮೇಲ್ಮನವಿಯ ಕ್ರಮವನ್ನು ಬದಲಾಯಿಸಿತು. ೨೦೧೯ರ ಫೆಬ್ರುವರಿ ೧೯ರಿಂದ ಹೊಸ ಕ್ರಮ ಜಾರಿಗೆ ಬಂದಿತು. ಹೊಸ ಸಾಕ್ಷ್ಯವಿದ್ದರೆ ಅದನ್ನು ಕೂಡಿಸಿ ಪೂರಕವಾದ ಅರ್ಜಿಯನ್ನು ಹಾಕಬಹುದು. ಸಾಕ್ಷ್ಯವೆಲ್ಲ ಇದ್ದೂ ಓದಿದವರು ತಪ್ಪಿದ್ದರೆ, ಹಿರಿಯ ಅಧಿಕಾರಿಯೊಬ್ಬನು ಅದೇ ಕಾಗದಗಳನ್ನು ಮತ್ತೊಮ್ಮೆ ನೋಡುವಂತೆ ಕೇಳಬಹುದು. ಅಲ್ಲಿ ಹೊಸದೇನನ್ನೂ ಸೇರಿಸುವಂತಿಲ್ಲ. ಅಥವಾ ರಾಜಧಾನಿಯಲ್ಲಿರುವ ಮೇಲ್ಮನವಿಯ ಮಂಡಲಿಯ ನ್ಯಾಯಾಧೀಶನ ಮುಂದೆ ಹೋಗಬಹುದು. ಅಲ್ಲಿಯೂ ಸೋತರೆ ನ್ಯಾಯಾಲಯವಿದೆ. ಆ ನ್ಯಾಯಾಲಯವು ಬಂದುದೂ ತೀರ ಹಿಂದಿನ ಮಾತಲ್ಲ. ೧೯೮೮ರ ಶಾಸನದಿಂದ ಅದು ಸ್ಥಾಪಿತವಾಗುವವರೆಗೆ, ಇಲಾಖೆಯ ಮಾತೇ ಬಹುಮಟ್ಟಿಗೆ ಕಡೆಯ ಮಾತಾಗಿದ್ದಿತು. ವಕೀಲನನ್ನಿಡುವುದೂ ಸುಲಭವಾಗಿರಲಿಲ್ಲ, ಯೋಧರನ್ನು ಸುಲಿಯುವವರನ್ನು ತಡೆಯಬೇಕೆಂದು ೧೮೬೪ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ವಕೀಲನ ಫೀಜಿಗೆ ಹಾಕಿದ ೧೦ ಡಾಲರುಗಳ ಮಿತಿ, ಅಲ್ಲಿಂದ ಒಂದು ಶತಮಾನಕ್ಕೂ ಮೇಲ್ಪಟ್ಟು, ಅದೇ ೧೯೮೮ರವರೆಗೆ ಹಾಗೆಯೇ ಉಳಿದಿತ್ತು. ರಕ್ಷಿಸಲೆಂದು ಕಟ್ಟಿದ ಬೇಲಿಯು ಕಾಲಾಂತರದಲ್ಲಿ ಬಾಗಿಲನ್ನೇ ಮುಚ್ಚಿದುದಕ್ಕೆ ಇದೊಂದು ದೃಷ್ಟಾಂತ.

ನಮ್ಮ ಯೋಧನಿಗೆ ಬೇಕಾದುದು ಹೊಸ ಸಾಕ್ಷ್ಯ. ಆದುದರಿಂದ ವೃದ್ಧನು ಪೂರಕ ಅರ್ಜಿಯ ದಾರಿಯನ್ನು ಆರಿಸಿ, ಮೂರು ಕಾಗದಗಳನ್ನು ತರಲು ಹೇಳಿದನು: ಜೊತೆಯಲ್ಲಿ ದುಡಿದ ಸೈನಿಕನದೊಂದು, ಹೆಂಡತಿಯದೊಂದು, ವೈದ್ಯನದೊಂದು.

ಹಳೆಯ ಜೊತೆಗಾರನು ಬೇರೆ ಸಂಸ್ಥಾನದಲ್ಲಿದ್ದನು. ಮುರಿದ ಪಾದವು ಕೂಡಿದ ಮೇಲೆಯೂ ತನ್ನ ಗೆಳೆಯನು ಪ್ರತಿದಿನ ಬೆಳಗ್ಗೆ ಬೂಟಿನೊಳಗೆ ಪಟ್ಟಿ ಬಿಗಿದುಕೊಂಡು ಓಡುತ್ತಿದ್ದನೆಂದೂ, ರಾತ್ರಿ ಆ ಪಟ್ಟಿಯನ್ನು ಬಿಚ್ಚಲು ತಾನೇ ನೆರವಾಗುತ್ತಿದ್ದೆನೆಂದೂ ಅವನು ಒಂದು ಪುಟದಲ್ಲಿ ಬರೆದು ಕಳುಹಿಸಿದನು. ಕಂಡವನು ಕಂಡುದನ್ನು ಹೇಳಲು ವೈದ್ಯನಾಗಬೇಕಿಲ್ಲ. ಆ ಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣದಿಂದ ಇಂಥ ಮಾತನ್ನು ನಂಬಲಾಗದೆಂದು ತಳ್ಳಬಾರದೆಂದು ೨೦೦೬ರಲ್ಲಿಯೇ ತೀರ್ಪಾಗಿದೆ. ದಾಖಲೆಗಳ ಗತಿಯಾದರೂ ಏನು? ೧೯೭೩ರ ಜುಲೈ ೧೨ರಂದು ಸೇಂಟ್ ಲೂಯಿ ನಗರದ ದಾಖಲೆಗಳ ಭಂಡಾರಕ್ಕೆ ಬಿದ್ದ ಬೆಂಕಿಯಲ್ಲಿ ಸೈನಿಕರ ೧೬೦ರಿಂದ ೧೮೦ ಲಕ್ಷ ಕಡತಗಳು ಬೂದಿಯಾದುವು. ಆ ಹಿಂದಿನ ತಲೆಮಾರಿನ ಎಷ್ಟೋ ಮಂದಿಗೆ ಜೊತೆಗಾರನ ನೆನಪಿನ ಹೊರತು ಬೇರೆ ಕಡತವೇ ಉಳಿಯಲಿಲ್ಲ.

ಹೆಂಡತಿ ಬರೆದುದು ಎರಡು ಪುಟ. ಮದುವೆಯಾದಂದಿನಿಂದ ಗಂಡನು ಮೆಟ್ಟಿಲನ್ನು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಎಡಗಾಲಿನ ಮೇಲೆ ನಿಂತು ಬಲಗಾಲನ್ನು ಇಳಿಸುವನೆಂದು ಬರೆದಳು. ತಿಂಗಳಲ್ಲಿ ನಾಲ್ಕೈದು ದಿನ ಮೊಣಕಾಲು ಊದಿ, ಬೆಳಗ್ಗೆ ಹಾಸಿಗೆಯಿಂದ ಏಳಲು ತನ್ನ ಭುಜವನ್ನು ಹಿಡಿಯುವನೆಂದು ಬರೆದಳು. ಕೊನೆಗೆ ಪಾದರಕ್ಷೆಯ ಮಾತು. ಅಂಚೆಯ ಕೆಲಸದ ಬೂಟುಗಳಲ್ಲಿ ಎಡಗಡೆಯದರ ಹಿಮ್ಮಡಿಯು ಯಾವಾಗಲೂ ಮೊದಲು ಸವೆಯುತ್ತಿದ್ದಿತು. ಬಲಗಡೆಯದು ಹೊಸದಿದ್ದಂತೆಯೇ ಇರುವಾಗ ಜೋಡಿಯನ್ನು ಎಸೆಯಬೇಕಾಗುತ್ತಿದ್ದಿತು. ಮಿತವ್ಯಯದ ಹೆಂಗಸಿಗೆ ಇದು ಇಪ್ಪತ್ತು ವರ್ಷಗಳ ಬೇಸರ. ಕಡೆಯ ಜೋಡಿಯನ್ನು ಎಸೆಯಲು ಮನಸ್ಸಾಗದೆ ಕೊಟ್ಟಿಗೆಯಲ್ಲಿಟ್ಟಿದ್ದಳು. ಅದರ ಛಾಯಾಚಿತ್ರವನ್ನು ತೆಗೆಸಿ ಕಾಗದದೊಡನೆ ಇಟ್ಟಳು.

ಇನ್ನು ವೈದ್ಯನ ಕಾಗದ. ಇದೇ ಎಲ್ಲಕ್ಕಿಂತ ಕಠಿಣವಾದುದು. ಒಂದು ಕಾಲಿನ ಕುಂಟು ಇನ್ನೊಂದು ಕಾಲನ್ನು ಕೆಡಿಸುವುದೆಂಬ ವಿಷಯದಲ್ಲಿ ವೈದ್ಯರೊಳಗೆ ಏಕಾಭಿಪ್ರಾಯವಿಲ್ಲ. ಹೌದೆನ್ನುವವರೂ ಉಂಟು, ಹಾಗೆ ಸುಲಭವಾಗಿ ಹೇಳಲಾಗದೆನ್ನುವವರೂ ಉಂಟು. ಈ ಸಂಶಯಕ್ಕೆ ಶಾಸನವು ಒಂದು ಮರ್ಯಾದೆಯನ್ನು ಕಲ್ಪಿಸಿದೆ: ಅಹುದೆನ್ನುವ ಸಾಕ್ಷ್ಯವೂ ಅಲ್ಲವೆನ್ನುವ ಸಾಕ್ಷ್ಯವೂ ತಕ್ಕಡಿಯಲ್ಲಿ ಸಮನಾಗಿ ತೂಗಿದರೆ ಯೋಧನ ಕಡೆಗೇ ತೀರ್ಪು ಕೊಡತಕ್ಕದ್ದು. ಆದುದರಿಂದ ವೈದ್ಯನು ಖಂಡಿತವೆನ್ನಬೇಕಾಗಿಲ್ಲ. ಅಲ್ಲದಿರುವಷ್ಟೇ ಆಗಿರುವ ಸಂಭವವೂ ಇದೆಯೆಂದರೆ ಸಾಕು. ಆದರೆ ಏಕೆಂಬುದನ್ನು ಹೇಳಬೇಕು.

ಯೋಧನಿಗೆ ಹದಿನೈದು ವರ್ಷಗಳಿಂದ ಔಷಧ ಕೊಡುತ್ತಿದ್ದ ವೈದ್ಯನು ಸತ್ಯವಂತನು. ಮೊಣಕಾಲಿನ ವಿಷಯವನ್ನು ಅವನು ನಿಸ್ಸಂಕೋಚವಾಗಿ ಬರೆದುಕೊಟ್ಟನು. ಸೊಂಟದ ವಿಷಯಕ್ಕೆ ಬಂದಾಗ ಲೇಖನಿಯನ್ನು ಕೆಳಗಿಟ್ಟನು. “ನಿನ್ನ ಬೆನ್ನೆಲುಬಿನ ಸವೆತವನ್ನು ನಿನ್ನ ಕುಂಟೇ ಹುಟ್ಟಿಸಿತೆಂದು ನಾನು ಬರೆಯಲಾರೆ. ಅದು ನಿನ್ನ ವಯಸ್ಸಿನ ಎಷ್ಟೋ ಮಂದಿಗೆ ಇರುತ್ತದೆ” ಎಂದನು. ಯೋಧನು ಪ್ರತಿಯಾಡದೆ ಎದ್ದು ನಿಂತನು. ಆಗ ವೈದ್ಯನು ಹಳೆಯ ಚೀಟಿಗಳನ್ನು ತಿರುವಿ ಹಾಕಿ, “ನಿಲ್ಲು. ೨೦೦೯ರಲ್ಲಿ ನೀನು ಮುಂದಕ್ಕೆ ೭೦ ಅಂಶ ಬಾಗುತ್ತಿದ್ದೆ. ಈಗ ೫೦ಕ್ಕೆ ನಿಂತಿದ್ದೀಯೆ. ಈ ನಡುವೆ ನಿನ್ನ ಮೊಣಕಾಲು ಹೋಯಿತು, ನಡಿಗೆ ಕೆಟ್ಟಿತು, ನಡೆಯಲಾರದೆ ಮೈ ಬೆಳೆಯಿತು. ಹುಟ್ಟಿಸಿತೆಂದು ಬರೆಯಲಾರೆ, ಹೆಚ್ಚಿಸಿತೆಂದು ಬರೆಯಬಲ್ಲೆ” ಎಂದನು. ಮೈ ಬೆಳೆದುದನ್ನು ಬರೆದುದಕ್ಕೂ ಅರ್ಥವಿದ್ದಿತು. ಸ್ಥೂಲಕಾಯವು ತಾನೇ ಒಂದು ಊನವೆಂದು ಪರಿಹಾರಕ್ಕೆ ಬಾರದಿದ್ದರೂ, ಒಂದು ಊನದಿಂದ ಇನ್ನೊಂದಕ್ಕೆ ಹೋಗುವ ಸರಪಳಿಯಲ್ಲಿ ಅದು ನಡುವಣ ಕೊಂಡಿಯಾಗಬಹುದೆಂದು ಇಲಾಖೆಯ ನ್ಯಾಯಶಾಖೆಯೇ ೨೦೧೭ರಲ್ಲಿ ಅಭಿಪ್ರಾಯವಿತ್ತಿದೆ.

ಯೋಧನು ಈ ಅರ್ಧಸತ್ಯದಿಂದ ಏನು ಪ್ರಯೋಜನವೆಂದು ಕುಗ್ಗಿ ಸಂಘಕ್ಕೆ ಬಂದನು. ವೃದ್ಧನು ಕಾಗದವನ್ನು ಓದಿ ಮೇಜನ್ನು ತಟ್ಟಿದನು. ಅದು ಅರ್ಧಸತ್ಯವಲ್ಲವೆಂದೂ, ಸತ್ಯವು ಇದ್ದಷ್ಟೇ ಇದೆಯೆಂದೂ, ಎಲ್ಲವನ್ನೂ ಪಾದದ ಮೇಲೆ ಹೊರಿಸಿದ ಕಾಗದವಾಗಿದ್ದರೆ ಓದುವವನು ಎಲ್ಲವನ್ನೂ ಸಂಶಯಿಸುತ್ತಿದ್ದನೆಂದೂ ಹೇಳಿದನು. ೨೦೦೯ರ ಆ ಹಳೆಯ ಚೀಟಿಯೇ ಈಗ ಚಿನ್ನವಾಯಿತು. ಏಕೆಂದರೆ ಉಲ್ಬಣವನ್ನು ಲೆಕ್ಕ ಹಾಕಬೇಕಾದರೆ ಮೊದಲು ಎಷ್ಟಿತ್ತೆಂಬುದಕ್ಕೆ ವೈದ್ಯಕೀಯ ಆಧಾರ ಬೇಕು, ಇಂದಿನ ಪ್ರಮಾಣದಿಂದ ಅದನ್ನು ಕಳೆಯಬೇಕು.

ಎರಡನೆಯ ಪರೀಕ್ಷೆಗೆ ಹೋಗುವ ಮುನ್ನ ವೃದ್ಧನು ಒಂದೇ ಒಂದು ಬುದ್ಧಿಯನ್ನು ಹೇಳಿದನು: “ಹೆಚ್ಚು ಹೇಳಬೇಡ, ಆದರೆ ಕಡಿಮೆಯನ್ನೂ ಹೇಳಬೇಡ. ನೋವು ಎಲ್ಲಿ ಮೊದಲಾಗುವುದೋ ಅಲ್ಲಿ ನಿಲ್ಲಿಸಿ, ಇಲ್ಲಿ ನೋವೆಂದು ಹೇಳು.” ಮೂವತ್ತು ವರ್ಷ ಬಾಯಿ ಬಿಡದವನಿಗೆ ಇದು ವಿಮಾನದಿಂದ ಧುಮುಕುವುದಕ್ಕಿಂತ ಕಷ್ಟವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಕೀಲು ಎಷ್ಟು ಮಡಿಯುವುದೆಂಬುದೊಂದೇ ಸಾಲದು, ನೋವಿನಿಂದಲೂ ದಣಿವಿನಿಂದಲೂ ಕೆಲಸ ಎಷ್ಟು ನಿಲ್ಲುವುದೆಂಬುದನ್ನು ನೋಡಬೇಕೆಂದು ೧೯೯೫ರಲ್ಲಿಯೂ, ನೋವು ಉಲ್ಬಣಿಸುವ ದಿನಗಳ ಸ್ಥಿತಿಯನ್ನು ರೋಗಿಯಿಂದ ಕೇಳಿ ತಿಳಿದು ಅಂದಾಜು ಮಾಡಬೇಕೆಂದು ೨೦೧೭ರಲ್ಲಿಯೂ, ಕೆಲಸಕ್ಕೆ ಅಡ್ಡಿಮಾಡುವ ನೋವು ತಾನೇ ಒಂದು ಊನವಾಗಬಲ್ಲುದೆಂದು ೨೦೧೮ರಲ್ಲಿಯೂ ನ್ಯಾಯಾಲಯಗಳು ಹೇಳಿವೆ. ಈ ಸಲ ಪರೀಕ್ಷಿಸಿದವಳು ಕೇಳಿದಳು, ಅವನು ಹೇಳಿದನು. ಹೇಳುವಾಗ ಗೋಡೆಯನ್ನು ನೋಡುತ್ತಿದ್ದನು.

ತೀರ್ಮಾನವು ಐದು ತಿಂಗಳುಗಳಿಗೆ ಬಂದಿತು. ಮೊಣಕಾಲು ಪಾದದಿಂದಲೇ ಕೆಟ್ಟಿತೆಂದು ಒಪ್ಪಿ, ನೋವಿನಿಂದ ಕೂಡಿದ ಚಲನೆಗೆ ೧೦ ಕೊಟ್ಟರು. ಸೊಂಟವು ಇಂದು ೨೦ರ ಮೆಟ್ಟಿಲಿನಲ್ಲಿದೆ. ೨೦೦೯ರಲ್ಲಿ ೧೦ರ ಮೆಟ್ಟಿಲಿನಲ್ಲಿದ್ದಿತು. ಕಳೆದರೆ ಉಳಿದುದು ೧೦. ಇವನ್ನು ಕೂಡಿಸುವ ಗಣಿತವೂ ವಿಚಿತ್ರ. ಐವತ್ತಕ್ಕೆ ಐವತ್ತನ್ನು ಕೂಡಿಸಿದರೆ ಅಲ್ಲಿ ನೂರಾಗದು. ಮೊದಲ ಐವತ್ತು ಹೋದ ಮೇಲೆ ಉಳಿದ ಐವತ್ತರಲ್ಲಿ ಅರ್ಧ ಹೋಯಿತೆಂದು ೭೫ ಆಗುವುದು, ಅದನ್ನು ಹತ್ತಿರದ ಹತ್ತಕ್ಕೆ ಏರಿಸಿ ೮೦ ಎನ್ನುವರು. ಆದರೆ ಆ ಗಣಿತದಲ್ಲಿ ಒಂದು ದಯೆಯೂ ಇದೆ. ಎರಡು ಕಾಲುಗಳಲ್ಲಿಯೂ ಊನವಿದ್ದರೆ, ಒಂದರ ಭಾರವನ್ನು ಹೊರಲು ಇನ್ನೊಂದಿಲ್ಲವೆಂಬುದನ್ನು ನೆನೆದು, ಎರಡರ ಕೂಡುಮೊತ್ತದ ಹತ್ತನೆಯ ಒಂದು ಪಾಲನ್ನು ಮೇಲೆ ಸೇರಿಸುತ್ತಾರೆ. ಪಾದದ ೨೦, ಮೊಣಕಾಲಿನ ೧೦ ಕೂಡಿ ೨೮. ಮೇಲಿನ ಪಾಲು ಸೇರಿ ೩೧. ಸೊಂಟದ ೧೦ ಸೇರಿ ೩೮. ಹತ್ತಿರದ ಹತ್ತು ೪೦. ಇಪ್ಪತ್ತಿದ್ದವನಿಗೆ ನಲವತ್ತಾಯಿತು. ಮೊದಲ ಅರ್ಜಿಯ ದಿನದಿಂದ ಹಣ ಬಂದಿತು. ಐಶ್ವರ್ಯವೇನೂ ಅಲ್ಲ, ಮೆಟ್ಟಿಲಿನ ಎರಡು ಕಡೆಗೂ ಕಟಕಟೆಯನ್ನು ಹಾಕಿಸಲು, ಔಷಧದ ಅಂಗಡಿಯ ಸಾಲವನ್ನು ತೀರಿಸಲು ಸಾಕಾಯಿತು.

ಇದೆಲ್ಲ ದೂರದೇಶದ ಮಾತೆಂದು ವಾಚಕರು ಬದಿಗಿಡಬೇಕಾಗಿಲ್ಲ. ಕೊಡಗಿನಲ್ಲಿಯೂ ಕನ್ನಡನಾಡಿನ ಇತರ ಭಾಗಗಳಲ್ಲಿಯೂ ಸೈನ್ಯದಿಂದ ಮರಳಿದವರ ಮನೆಗಳು ಎಷ್ಟೋ ಇವೆ. ಭಾರತದ ೧೯೮೨ರ ನಿಯಮಗಳಲ್ಲಿಯೂ, ಸೇವೆಯಿಂದ ಬಂದುದೇ, ಸೇವೆಯಿಂದ ಉಲ್ಬಣಿಸಿದುದೇ ಎಂಬ ಎರಡು ಪ್ರಶ್ನೆಗಳೇ ಇದ್ದುವು. ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯನ್ನೂ ಬರೆಯದೆ ಆರೋಗ್ಯವಂತನೆಂದು ಸೇರಿಸಿಕೊಂಡವನನ್ನು ಮುಂದೆ ಕಾಯಿಲೆಯ ಕಾರಣದಿಂದ ಬಿಡುಗಡೆ ಮಾಡಿದರೆ, ಅದು ಸೇವೆಯಿಂದಲೇ ಬಂದಿತೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸೈನಿಕನದಲ್ಲ ಎಂದು ಭಾರತದ ಸುಪ್ರೀಂ ಕೋರ್ಟು ೨೦೧೩ರಲ್ಲಿ ಧರ್ಮವೀರ ಸಿಂಗ್ ಅವರ ಮೊಕದ್ದಮೆಯಲ್ಲಿ ವಿಧಿಸಿತು. ೨೦೦೭ರ ಶಾಸನದಂತೆ ಏರ್ಪಟ್ಟು ೨೦೦೯ರಲ್ಲಿ ಕೆಲಸಕ್ಕೆ ತೊಡಗಿದ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯ ಮುಂದೆ ಇಂಥ ಮನವಿಗಳು ಬರುತ್ತಲೇ ಇವೆ. ೨೦೨೩ರಲ್ಲಿ ಹೊಸ ನಿಯಮಗಳೂ ಬ೦ದುವು. ದೇಶ ಬೇರೆಯಾದರೂ ಮೌನವಾಗಿ ನೋವನ್ನು ನುಂಗುವ ಸೈನಿಕನ ಸ್ವಭಾವ ಬೇರೆಯಲ್ಲ. ಅಳದ ಮಗುವಿಗೆ ಹಾಲಿಲ್ಲವೆಂಬ ಕಚೇರಿಗಳ ಸ್ವಭಾವವೂ ಬೇರೆಯಲ್ಲ.

ಕಾಗದ ಬಂದ ಸಂಜೆ ಯೋಧನು ಅದನ್ನು ಓದಿ, ಹಣದ ಅಂಕೆಯನ್ನು ಬಿಟ್ಟು, ಎಡ ಮೊಣಕಾಲು ಎಂದಿದ್ದ ಸಾಲನ್ನು ಮಾತ್ರ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದನು. ಅವಳು ಇನ್ನಾದರೂ ಆ ಹಳೆಯ ಬೂಟುಗಳನ್ನು ಎಸೆಯಬಹುದೇ ಎಂದು ಕೇಳಿದಳು. ಅವನು ಕೊಟ್ಟಿಗೆಗೆ ಹೋಗಿ ಅವನ್ನು ತಂದು, ಹೊಸದರಂತಿದ್ದ ಬಲಗಡೆಯದನ್ನು ಬದಿಗಿಟ್ಟು, ಸವೆದು ಹೋಗಿದ್ದ ಎಡಗಡೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದನು. ಆಮೇಲೆ, ಇರಲಿ ಎಂದು, ಎರಡನ್ನೂ ಜೋಡಿಸಿ ಬಾಗಿಲ ಬಳಿಯಲ್ಲಿಟ್ಟನು.